ಮನೆಯವಳನ್ನು ಕೇಳಿ ಕೂರಿಸಿದ ಕ್ಯಾಪ್

ಬಂಗಾರಪೇಟೆಯ ಹಲ್ಲಿನ ಡಾಕ್ಟರು ಆ ದಿನ ಹೇಳಿದ್ದು ಬಹಳ ಸಾಮಾನ್ಯವಾದ ಮಾತು. ನನ್ನ ಕೆಳದವಡೆಯ ಎಡಗಡೆ ಹಲ್ಲಿಗೆ ರೂಟ್ ಕೆನಾಲ್ ಮುಗಿದಿತ್ತು. ಹಲ್ಲನ್ನು ಸುತ್ತಲೂ ಉಜ್ಜಿ ಸಣ್ಣದು ಮಾಡಿ ಅಳತೆ ತೆಗೆದಾಗಿತ್ತು. ಜಿರ್ಕೋನಿಯಾ ಕ್ಯಾಪ್ ಲ್ಯಾಬಿನಿಂದ ಬರುವುದಿತ್ತು. ಅದನ್ನು ಹಲ್ಲಿನ ಮೇಲೆ ಕೂರಿಸುವುದಕ್ಕೆ ಎರಡು ದಾರಿ ಇವೆ ಎಂದು ವಿವರಿಸಿ, ಕೊನೆಗೆ, "ಅವಸರ ಇಲ್ಲ ಸರ್, ಮನೇಲಿ ಒಂದು ಮಾತು ಕೇಳ್ಕೊಂಡು ಬನ್ನಿ" ಅಂದರು. ನಾನು ಆಗಲಿ ಎಂದು ತಲೆಯಾಡಿಸಿದೆ. ನನ್ನ ಹೆಂಡತಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಮನೆಯಲ್ಲಿ ಕೇಳುವುದಕ್ಕೆ ಇದ್ದವನು ನಾನೊಬ್ಬನೇ.

ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ಹಲ್ಲುನೋವಿಗೆ ಕೆಜಿಎಫ್ ಬಿಟ್ಟು ಬಂಗಾರಪೇಟೆಗೆ ಹೋದದ್ದೇ ಅಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ ಎಂಬ ಕಾರಣಕ್ಕೆ. ನಮ್ಮ ಕ್ವಾರ್ಟರ್ಸಿನಲ್ಲಿ ನಗುತ್ತ ಕೂತವರು ನನ್ನನ್ನು ಕಂಡ ಕೂಡಲೇ ನಗು ನಿಲ್ಲಿಸುತ್ತಾರೆ. ಆಂಡರ್ಸನ್‌ಪೇಟೆಯ ತರಕಾರಿಯವಳು ನಾನು ಕೇಳುವ ಮೊದಲೇ ಕಾಲು ಕಿಲೋ ಬದನೆಕಾಯಿ ತೂಗಿಡುತ್ತಾಳೆ. ಅರ್ಧ ಕಿಲೋ ಬೇಕು ಎಂದರೆ ಊರಿಂದ ಯಾರಾದರೂ ಬಂದಿದ್ದಾರಾ ಎನ್ನುತ್ತಾಳೆ. ಒಬ್ಬ ಗಂಡಸು ಅರ್ಧ ಕಿಲೋ ಬದನೆಕಾಯಿ ತಿನ್ನಬಾರದು ಎಂದು ಯಾವ ಕಾನೂನಿದೆಯೋ ನನಗೆ ಗೊತ್ತಿಲ್ಲ. ಸಿಟ್ಟು ಬರುತ್ತದೆ. ಆದರೆ ಅವಳ ಅಂದಾಜೇ ಸರಿಯಿರುತ್ತದೆ, ಅರ್ಧ ಕಿಲೋ ತಂದರೆ ಮಿಕ್ಕದ್ದು ಬಾಡಿಹೋಗುತ್ತದೆ.

ನಾನು ಹಾವೇರಿ ಕಡೆಯವನು. ಮಣ್ಣು ಅಗೆಯುವ ದೊಡ್ಡ ಯಂತ್ರಗಳ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದು ಮೂವತ್ತು ವರ್ಷವಾಯಿತು. ಹಾಗಾಗಿ ಡಾಕ್ಟರು ಹೇಳಿದ ಎರಡು ದಾರಿ ನನಗೆ ಬೇಗ ಅರ್ಥವಾಯಿತು. ಒಂದು, ಮಾಮೂಲಿ ಸಿಮೆಂಟು. ಕ್ಯಾಪ್ ನಿಲ್ಲುವುದು ಹೆಚ್ಚಾಗಿ ತನ್ನ ಹಿಡಿತದಿಂದಲೇ, ಸಿಮೆಂಟು ಸಂದು ತುಂಬುತ್ತದೆ ಅಷ್ಟೆ. ಮುಂದೆ ಬೇರಿನಲ್ಲಿ ಏನಾದರೂ ತೊಂದರೆಯಾದರೆ ಕ್ಯಾಪನ್ನು ಬಹುಶಃ ಇಡಿಯಾಗಿಯೇ ಬಿಡಿಸಬಹುದು. ಆದರೆ ನನ್ನ ಹಲ್ಲು ಉಳಿದದ್ದು ಮೋಟು, ಹಿಡಿತ ಕಡಿಮೆ, ಒಂದು ದಿನ ಕಳಚಿ ಬಂದರೂ ಬಂದೀತು. ಇನ್ನೊಂದು, ರೆಸಿನ್ ಹಾಕಿ ಅಂಟಿಸುವುದು. ಹಲ್ಲಿನ ಮೇಲೆ ಒಂದು ಹನಿ ಉಗುಳೂ ಇರಬಾರದು, ಕ್ಯಾಪಿನ ಒಳಮೈ ಶುದ್ಧವಾಗಿರಬೇಕು, ಕೆಲಸ ಜಾಸ್ತಿ. ಕೂತರೆ ಕೂತಿತು. ಆಮೇಲೆ ತೆಗೆಯಬೇಕೆಂದರೆ ಕೊಯ್ದೇ ತೆಗೆಯಬೇಕು. ಡಾಕ್ಟರ ಒಲವು ಇದರ ಕಡೆಗಿತ್ತು. ಬೇರಿನ ತುದಿಯ ಬಗ್ಗೆ ಒಂದು ಸಣ್ಣ ಅನುಮಾನ ಉಳಿದದ್ದರಿಂದ ಮಾತ್ರ ನಿರ್ಧಾರವನ್ನು ನನಗೆ ಬಿಟ್ಟಿದ್ದರು.

ನಮ್ಮಲ್ಲೂ ಬೋಲ್ಟಿಗೆ ಹಚ್ಚುವ ಅಂಟು ಎರಡು ಬಗೆ. ನೀಲಿ ಹಚ್ಚಿದರೆ ಸ್ಪ್ಯಾನರ್ ಹಾಕಿ ಬಿಚ್ಚಬಹುದು, ಕೆಂಪು ಹಚ್ಚಿದರೆ ಕಾಯಿಸದೆ ಬಿಚ್ಚುವಂತಿಲ್ಲ. ಹೊಸದಾಗಿ ಬಂದವರು ಎಲ್ಲದಕ್ಕೂ ಕೆಂಪು ಹಚ್ಚುತ್ತಾರೆ. ನಾನು ಬೈಯುತ್ತೇನೆ. ನಾವು ಕೂರಿಸಿದ್ದನ್ನು ನಾಳೆ ಇನ್ನೊಬ್ಬ ಬಿಚ್ಚಬೇಕು, ಅವನ ಶಾಪ ನಮಗೇಕೆ? ಹಾಗಾಗಿ ಮಾಮೂಲಿ ಸಿಮೆಂಟೇ ಸರಿ ಎಂದು ವಾಪಸ್ ಬರುವ ರೈಲಿನಲ್ಲೇ ತೀರ್ಮಾನಿಸಿದೆ. ಆದರೆ ಮನೆಯ ವಿಷಯಗಳಲ್ಲಿ ನನ್ನ ತೀರ್ಮಾನ ನಡೆದದ್ದೇ ಇಲ್ಲ. ಗೋಡೆಯ ಬಣ್ಣವಿರಲಿ, ಮಿಕ್ಸಿಯಿರಲಿ, ನನ್ನ ಕನ್ನಡಕದ ಫ್ರೇಮಿರಲಿ, ನಾನು ಒಂದು ಹೇಳಿದರೆ ನನ್ನ ಹೆಂಡತಿ ಇನ್ನೊಂದು ಹೇಳುತ್ತಿದ್ದಳು. ಅರ್ಧ ಗಂಟೆ ಜಗಳವಾಗಿ ಅವಳು ಹೇಳಿದ್ದೇ ಆಗುತ್ತಿತ್ತು. ಆ ವಾರವೆಲ್ಲ ನಾನು ಒಂದು ಹೇಳಿಕೊಂಡೆ, ಇನ್ನೊಂದು ಹೇಳುವವರು ಇರಲಿಲ್ಲ. ಅಷ್ಟು ಸಲೀಸಾಗಿ ಗೆದ್ದದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಮುಂದಿನ ಶನಿವಾರ ನಾನು ಕುರ್ಚಿಯಲ್ಲಿ ಒರಗಿದ ಕೂಡಲೇ ಡಾಕ್ಟರು ಮನೆಯಲ್ಲಿ ಏನಂದರು ಎಂದು ಕೇಳಿದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಯಾವುದನ್ನೂ ಮರೆಯುವವರಲ್ಲ.

"ಬಿಚ್ಚೋಕೆ ಬರೋ ಹಂಗೆ ಕೂರಿಸ್ಕೊಳ್ಳಿ ಅಂದ್ಲು" ಎಂದೆ.

ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವತ್ತು ಆಗಲಿಲ್ಲ. ಡಾಕ್ಟರು ನಕ್ಕು, ಅಮ್ಮ ಯೋಚನೆ ಮಾಡಿಯೇ ಹೇಳಿದ್ದಾರೆ ಎಂದರು. ಹತ್ತಿ, ಚಿಮಟ ಎತ್ತಿಕೊಡಲು ಬೇತಮಂಗಲ ಕಡೆಯ ಒಬ್ಬ ಹೆಂಗಸು ಅಲ್ಲಿದ್ದರು, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಅವರೂ ನಕ್ಕರು. ಕ್ಯಾಪ್ ಇಟ್ಟು, ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡಿ, ಮಾಮೂಲಿ ಸಿಮೆಂಟಿನಲ್ಲಿ ಕೂರಿಸಿದರು. ನಾನು ಬಾಯಿ ತೆರೆದುಕೊಂಡು ಮಲಗಿದ್ದೆ, ಅವರಿಬ್ಬರೂ ನನ್ನ ಹೆಂಡತಿಯ ಬಗ್ಗೆ ಮಾತಾಡುತ್ತಿದ್ದರು, ಊರಿನಲ್ಲಿರುವ ಯಾವುದೋ ಹೆಂಗಸಿನ ಬಗ್ಗೆ ಆಡುವ ಹಾಗೆ. ಎರಡು ವರ್ಷದಲ್ಲಿ ಅಷ್ಟು ಸುಖವಾಗಿ ನಾನು ಎಲ್ಲೂ ಮಲಗಿರಲಿಲ್ಲ.

ಆಮೇಲೆ ನಾನು ಕಾರಣ ಹುಡುಕಿಕೊಂಡು ಹೋಗತೊಡಗಿದೆ. ಕಚ್ಚಿದರೆ ಸ್ವಲ್ಪ ಎತ್ತರ ಅನಿಸುತ್ತದೆ ಎಂದು ಒಂದು ಸಲ, ಹಲ್ಲು ಸ್ವಚ್ಛ ಮಾಡಿಸಬೇಕು ಎಂದು ಇನ್ನೊಂದು ಸಲ. ಪ್ರತಿ ಸಲವೂ ಆ ಹೆಂಗಸು, "ಅಕ್ಕ ಎಂಗವ್ರೆ?" ಎಂದು ಕೇಳುತ್ತಿದ್ದರು. ಮಂಡಿನೋವು ಎಂದೆ, ನಿಜಕ್ಕೂ ಅವಳಿಗೆ ಮಂಡಿನೋವಿತ್ತು. ಮುದ್ದೆ ಅಂದರೆ ಆಗುವುದಿಲ್ಲ, ರೊಟ್ಟಿಯೇ ಬೇಕು ಎಂದೆ, ಅದೂ ನಿಜ. ಹೇಳಿದ್ದರಲ್ಲಿ ಸುಳ್ಳು ಎಂಬುದು ಒಂದೇ ಒಂದು ಇತ್ತು. ಚಳಿಗಾಲದಲ್ಲಿ ಆ ಹೆಂಗಸು ಸ್ಟೀಲ್ ಡಬ್ಬಿಯ ತುಂಬ ಹಿತಕಿದ ಅವರೆಬೇಳೆ ತಂದು, ಅಕ್ಕನಿಗೆ ಕೊಡಿ ಎಂದು ಕೈಗಿಟ್ಟರು. ಅಷ್ಟನ್ನೂ ನಾನೊಬ್ಬನೇ ಸಾರು ಮಾಡಿಕೊಂಡು ಮೂರು ದಿನ ಉಂಡೆ. ಉಪ್ಪು ಜಾಸ್ತಿಯಾಗಿತ್ತು. ಡಬ್ಬಿಯನ್ನು ಬೂದಿ ಹಾಕಿ ಉಜ್ಜಿ ತೊಳೆದು, ಒರೆಸಿ, ಫಳಫಳ ಹೊಳೆಯುವ ಹಾಗೆ ಮಾಡಿ ಮುಂದಿನ ಸಲ ವಾಪಸ್ ಕೊಟ್ಟೆ, ಅಕ್ಕನಿಗೆ ಬಹಳ ಹಿಡಿಸಿತಂತೆ ಎಂದೂ ಹೇಳಿದೆ.

ಬೇಸಿಗೆ ಶುರುವಾದಾಗ ಕ್ಯಾಪ್ ಕಳಚಿತು. ಕಡಲೆಕಾಯಿ ಚಿಕ್ಕಿ ಅಗಿಯುತ್ತಿದ್ದೆ, ಬೆಲ್ಲಕ್ಕೆ ಕಚ್ಚಿಕೊಂಡು ಈಚೆಗೆ ಬಂತು. ಫಿಟ್ಟರ್ ಬುದ್ಧಿ, ತೊಳೆದು ಒತ್ತಿ ನೋಡಿದೆ, ಚೆನ್ನಾಗಿಯೇ ಕೂತಿತು. ಮೂರು ವಾರ ಹಾಗೇ ಕಳೆದೆ. ಊಟಕ್ಕೆ ಮೊದಲು ತೆಗೆದು ಜೇಬಿಗೆ ಹಾಕಿಕೊಳ್ಳುವುದು, ಬಲಗಡೆ ಅಗಿಯುವುದು, ಉಂಡ ಮೇಲೆ ಮತ್ತೆ ಒತ್ತಿಕೊಳ್ಳುವುದು. ಬಂಗಾರಪೇಟೆಗೆ ಹೋಗುವುದು ಎಂದರೆ ಹಬ್ಬವಾಗಿದ್ದವನು ನಿಜವಾದ ಕೆಲಸವಿದ್ದಾಗಲೇ ಹೋಗದೆ ಕೂತೆ. ಈ ಸಲ ಡಾಕ್ಟರು ಬಿಚ್ಚಲಾಗದ ಹಾಗೆ ಅಂಟಿಸುತ್ತಾರೆ, ಆಮೇಲೆ ಅಲ್ಲಿ ನನಗೇನು ಕೆಲಸ? ನಾನು ಹೋಗದಿದ್ದರೆ ನನ್ನ ಹೆಂಡತಿ ಅಲ್ಲಿಯೂ ಇರುವುದಿಲ್ಲ. ಕೊನೆಗೆ ಒಂದು ದಿನ ತೆಗೆಯಲು ಮರೆತು ಉಣ್ಣುತ್ತಿದ್ದಾಗ ಕ್ಯಾಪ್ ಅನ್ನದ ಜೊತೆ ಗಂಟಲಿಗೆ ಇಳಿಯುವುದರಲ್ಲಿತ್ತು, ಹೆದರಿ ಹೊರಟೆ.

ಡಾಕ್ಟರು ಮತ್ತೆ ಎಕ್ಸ್-ರೇ ತೆಗೆದರು. ಬೇರಿನ ಅನುಮಾನ ಈಗಿಲ್ಲ, ರೆಸಿನ್ ಹಾಕಿ ಅಂಟಿಸಿಬಿಡುವುದೇ ಒಳ್ಳೆಯದು ಎಂದರು. ನಾನು ಕುರ್ಚಿಯಿಂದ ಏಳಲು ನೋಡಿದೆ. ಅದನ್ನು ಅವರು ಬೇರೆಯೇ ರೀತಿ ತಿಳಿದುಕೊಂಡರು. ಅಮ್ಮನಿಗೆ ಬಿಚ್ಚಲಾಗದ್ದು ಇಷ್ಟವಿಲ್ಲ, ಅಲ್ಲವೇ, ಫೋನ್ ಹಚ್ಚಿ, ನಾನೇ ತಿಳಿಸಿ ಹೇಳುತ್ತೇನೆ ಎಂದು ಕೈಗವಸು ಕಳಚಿ ಕೈ ಚಾಚಿದರು.

ನೆಟ್‌ವರ್ಕ್ ಇಲ್ಲ, ಅವಳು ದೇವಸ್ಥಾನಕ್ಕೆ ಹೋಗಿದ್ದಾಳೆ ಎಂದೇನಾದರೂ ಹೇಳಬಹುದಿತ್ತು. ಸಾಕಾಗಿತ್ತು.

"ಅವಳು ತೀರ್ಕೊಂಡು ಎರಡು ವರ್ಷದ ಮೇಲಾಯ್ತು, ಡಾಕ್ಟರೇ" ಎಂದೆ.

ಈ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಅವಳು ಹೋದ ದಿನ ಎಲ್ಲರಿಗೂ ಫೋನ್ ಮಾಡಿದವನು ನನ್ನ ಭಾವಮೈದುನ. ಕಾರ್ಖಾನೆಗೆ ತಿಳಿಸಿದವರು ಪಕ್ಕದ ಮನೆಯವರು. ಕಾಗದಪತ್ರಗಳಲ್ಲಿ ಗುಮಾಸ್ತರು ಬರೆದಿದ್ದರು, ನಾನು ಸಹಿ ಹಾಕಿದ್ದೆ. ಎಲ್ಲಿ ಹೋದರೂ ನನಗಿಂತ ಮೊದಲು ಸುದ್ದಿ ಹೋಗಿರುತ್ತಿತ್ತು.

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ಎಕ್ಸ್-ರೇಯನ್ನೇ ನೋಡತೊಡಗಿದರು. ಮಾತಾಡಿದ್ದು ಆ ಹೆಂಗಸು.

"ನಂಗೆ ಡಬ್ಬಿ ಕೊಟ್ಟಾಗ್ಲೇ ಗೊತ್ತಾಯ್ತು ಕಣಣ್ಣ. ಎಂಗಸ್ರು ಯಾರೂ ಖಾಲಿ ಡಬ್ಬಿ ವಾಪಸ್ ಕಳ್ಸಲ್ಲ. ಏನಿಲ್ದಿದ್ರೂ ನಾಕು ಕಾಳು ಸಕ್ರೆನಾದ್ರೂ ಆಕಿರ್ತಾರೆ."

ನನ್ನ ಹೆಂಡತಿ ಹಾಗೆಯೇ ಮಾಡುತ್ತಿದ್ದಳು. ಮೂವತ್ತು ವರ್ಷ ನೋಡಿಯೂ ನನಗೆ ಹೊಳೆದಿರಲಿಲ್ಲ. ಗೊತ್ತಿದ್ದೂ ಆಕೆ ಇಷ್ಟು ತಿಂಗಳು, ಒಂದು ಸಲವೂ ತಪ್ಪದೆ, ಅಕ್ಕ ಎಂಗವ್ರೆ ಎಂದು ಕೇಳುತ್ತಲೇ ಬಂದಿದ್ದರು.

ಡಾಕ್ಟರು ಕ್ಯಾಪನ್ನು ಶುದ್ಧ ಮಾಡಿ, ಒಳಮೈಗೆ ಸಣ್ಣ ಮರಳು ಹಾಯಿಸಿ ಸಿದ್ಧಪಡಿಸಿದರು. ಬಾಯಿಗೆ ಹತ್ತಿ ತುಂಬಿ, ಇನ್ನು ನುಂಗಬೇಡಿ, ಹಲ್ಲು ಒಣಗಿರಬೇಕು ಎಂದರು. ನನಗೆ ಆಗಲೇ ಅಳು ಬಂತು. ಕಣ್ಣೀರು ಪಕ್ಕಕ್ಕೆ ಇಳಿದು ಕಿವಿಗೆ ಹೋಗುತ್ತಿತ್ತು, ಹಲ್ಲಿಗೇನೂ ತೊಂದರೆಯಾಗಲಿಲ್ಲ. ಆ ಹೆಂಗಸು ಒಂದು ಕೈಯಲ್ಲಿ ಉಗುಳು ಎಳೆಯುವ ಕೊಳವೆ ಹಿಡಿದು, ಇನ್ನೊಂದು ಕೈಯಲ್ಲಿ ಹತ್ತಿಯಿಂದ ನನ್ನ ಕಿವಿಯನ್ನು ಒರೆಸುತ್ತಿದ್ದರು. ಕ್ಯಾಪ್ ಕೂತಿತು. ಇನ್ನು ವರ್ಷಕ್ಕೊಂದು ಸಲ ತೋರಿಸಿದರೆ ಸಾಕು ಎಂದರು ಡಾಕ್ಟರು.

ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಆ ಹೆಂಗಸು ಬಾಗಿಲವರೆಗೆ ಬಂದರು.

"ಅಕ್ಕನ ಎಸ್ರೇನಣ್ಣ?"

ಅವಳಿದ್ದಾಗ ನಾನು ಅವಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಲೇ ಎಂದರೆ ಸಾಕಿತ್ತು. ಅವಳು ಹೋದ ಮೇಲೆ ಯಾರೂ ಕೇಳಿರಲಿಲ್ಲ. ಹೇಳಿದೆ. ಬಾಯಿಯಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು, ಆಕೆಗೆ ಸರಿಯಾಗಿ ಕೇಳಿಸಲಿಲ್ಲ. ಮೆಟ್ಟಿಲ ಮೇಲೆ ನಿಂತು ಎರಡನೆಯ ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.