ಔಡಲೆಣ್ಣೆಯ ಮೇಲೆ ಹೊರಿಸಿದ ತಪ್ಪು

೧೯೮೯ರಲ್ಲಿ ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಶಹಾಪುರದ ಒಂದು ವೆಲ್ಡಿಂಗ್ ಅಂಗಡಿ ಸೇರಿದೆ. ಹಾಗಾಗಿ ಆ ಬೆಳಕು ಕಣ್ಣಿಗೆ ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿತ್ತು — ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಮಕ್ಕಳಿಲ್ಲದ ನನ್ನ ವೈನಿಯ ಉಡಿಯಿಂದ, ಅವಳು ನಾಲ್ಕು ವರ್ಷ ಸಾಕಿದ ಕೂಸನ್ನು ನಾನು ಕಿತ್ತುಕೊಂಡದ್ದು ಹಾಗೆ.

ವೈನಿ ಎಂದರೆ ನನ್ನ ಅಣ್ಣ ಬಸಣ್ಣನ ಹೆಂಡತಿ, ನಿಂಗಮ್ಮ. ಇಬ್ಬರೂ ಶಹಾಪುರದ ಹತ್ತಿರದ ಹಳ್ಳಿ ಗೋಗಿಯಲ್ಲಿ ಕೂಲಿ ಮಾಡಿ ಬದುಕಿದವರು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವರಿಗೆ ಮಕ್ಕಳಾಗಲಿಲ್ಲ. ಓಣಿಯಲ್ಲಿ ಬಸುರಿಗೆ ಕುಬಸ ಮಾಡುವ ದಿನ ವೈನಿಯನ್ನು ರೊಟ್ಟಿ ಬಡಿಯಲು ಕರೆಯುತ್ತಿದ್ದರು. ಉಡಿ ತುಂಬುವ ಹೊತ್ತಿಗೆ, "ನಿಂಗವ್ವಾ, ಒಲಿ ಮ್ಯಾಲೆ ಸಾರು ಉಕ್ಕಾಕತ್ತದ ನೋಡು" ಎಂದು ಒಳಗೆ ಕಳಿಸುತ್ತಿದ್ದರು. ಸಾರು ಉಕ್ಕುತ್ತಿಲ್ಲ ಎಂಬುದು ಅವಳಿಗೂ ಗೊತ್ತು. ಆದರೂ ಎದ್ದು ಹೋಗುತ್ತಿದ್ದಳು.

ನನ್ನ ತಂಗಿ ಶಾಂತಾ ಹೆಣ್ಣು ಹೆತ್ತು ಬಾಣಂತನದಲ್ಲೇ ತೀರಿಕೊಂಡಳು. ಸಾಯುವ ಮೊದಲು ಕೂಸನ್ನು ವೈನಿಯ ಉಡಿಯಲ್ಲಿ ಹಾಕಿ, "ಇಕಿ ಇನ್ನ ನಿನ್ನಾಕಿ" ಎಂದಳು. ಅವಳ ಗಂಡ ಬೇರೆ ಮದುವೆಯಾದ, ಕೂಸಿನ ಕಡೆ ತಿರುಗಿ ನೋಡಲಿಲ್ಲ. ಆಗ ನಾನೂ ಕೇಳಲಿಲ್ಲ. ನನ್ನದಿನ್ನೂ ಬಾಡಿಗೆ ಅಂಗಡಿ, ನನ್ನ ಹೆಂಡತಿ ಎರಡನೆಯದಕ್ಕೆ ಬಸುರಿ. ಕೂಸಿಗೆ ಗೌರಿ ಎಂದು ಹೆಸರಿಟ್ಟದ್ದೂ ವೈನಿಯೇ. ಹತ್ತಿ ಬಿಡಿಸಲು ಹೋದರೆ ಬದುವಿನ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ತೂಗುತ್ತಿದ್ದಳು. ಗೌರಿ ಅವಳನ್ನು ಅವ್ವ ಎನ್ನುತ್ತಿದ್ದಳು.

ಮುಂದೆ ನನ್ನ ಕೈ ಹತ್ತಿತು. ಟ್ರ್ಯಾಕ್ಟರ್ ಟ್ರಾಲಿ ಮಾಡುವುದರಲ್ಲಿ ನನ್ನ ಹೆಸರು ಸುರಪುರದವರೆಗೆ ಹೋಯಿತು. ಸ್ವಂತ ಅಂಗಡಿ, ಎರಡು ಅಂತಸ್ತಿನ ಮನೆ — ಎಲ್ಲವೂ ಈ ಸುಟ್ಟ ಕೈಗಳಿಂದ ಆದದ್ದು. ಆ ಗರ್ವ ಇಂದಿಗೂ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಒಂದು ದಿನ ಚಹಾದ ಅಂಗಡಿಯಲ್ಲಿ ಒಬ್ಬರು ನಗುತ್ತಲೇ ಅಂದರು: "ಏನ್ ಮಲ್ಲಪ್ಪ ಸೇಠ, ನಿನ್ನ ಮಕ್ಕಳು ವ್ಯಾನಿನ್ಯಾಗ ಸಾಲಿಗಿ ಹೋಗ್ತಾವ, ತಂಗಿ ಮಗಳು ಹತ್ತಿ ಹೊಲ್ದಾಗ ಮಣ್ಣು ತಿಂತಾಳಲ್ಲೋ!"

ಆ ಮಾತು ಎದೆಗೆ ನಾಟಿತು. ಗೌರಿಯ ಮೇಲಿನ ಪ್ರೀತಿಗೆ ನಾಟಿತೋ ನನ್ನ ಹೆಸರಿಗೆ ನಾಟಿತೋ — ಹೆಸರಿಗೇ. ಅಣ್ಣನ ಬಳಿ ಹೋಗಿ ಹುಡುಗಿಯನ್ನು ಕೊಡು ಎಂದೆ. ಅವನು, "ಆಕೀನ ಬಿಟ್ರ ನಿಂಗಿ ಬದುಕಂಗಿಲ್ಲ ತಮ್ಮಾ" ಎಂದಷ್ಟೇ ಹೇಳಿ ಎದ್ದು ಹೋದ.

ಅದಾಗಿ ಕೆಲವು ದಿನಕ್ಕೆ ವೈನಿ ಸಂತೆಗೆಂದು ಶಹಾಪುರಕ್ಕೆ ಬಂದವಳು, ಗೌರಿಯನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಹೋದಳು. ನಾಲ್ಕು ವರ್ಷದ ಹುಡುಗಿ. ಕುರ್ಚಿಯ ಮೇಲೆ ಕೂರಿಸಿ ಬಿಸ್ಕತ್ತು ಕೊಟ್ಟೆ. ಸಂಜೆಯೊಳಗೆ ಒಂದು ಟ್ರಾಲಿ ಮುಗಿಸಬೇಕಿತ್ತು. ನಾನು ಕಣ್ಣಿಗೆ ಅಡ್ಡ ಕಪ್ಪು ಗಾಜು ಹಿಡಿದು ಬೆಸುಗೆ ಹಾಕುತ್ತಿದ್ದರೆ ಅವಳು ಕುರ್ಚಿ ಇಳಿದು ಬಂದು ಹತ್ತಿರವೇ ಕುಕ್ಕರಗಾಲಲ್ಲಿ ಕೂತಳು. "ಮಾಮಾ, ಚುಕ್ಕಿ! ಮಾಮಾ, ಚುಕ್ಕಿ!" — ಹಾರುವ ಕಿಡಿ ನೋಡಿ ಚಪ್ಪಾಳೆ ಹೊಡೆದು ಕುಣಿದಳು. ಆ ಕಡೆ ಕಳಿಸಬೇಕಿತ್ತು. ಒಂದು ಮಾತು ಗದರಿಸಬೇಕಿತ್ತು. ಅವಳು ಕುಣಿದಷ್ಟೂ ನನಗೆ ಹುರುಪು... ನನ್ನ ಮಕ್ಕಳು ಎಂದೂ ನನ್ನ ಕೆಲಸವನ್ನು ಹಾಗೆ ನಿಂತು ನೋಡಿರಲಿಲ್ಲ.

ಬರಿಗಣ್ಣಿನಿಂದ ಆ ಬೆಳಕು ನೋಡಿದವರಿಗೆ ಆಗಲೇ ಏನೂ ಅನಿಸುವುದಿಲ್ಲ. ಹೊತ್ತು ಮುಳುಗಿದ ಮೇಲೆ ಕಣ್ಣಲ್ಲಿ ಉಸುಕು ತುಂಬಿದ ಹಾಗೆ ಉರಿಯುತ್ತದೆ. ನಮ್ಮ ಕಸುಬಿನವರಿಗೆಲ್ಲ ಇದು ಒಮ್ಮೆಯಾದರೂ ಆಗಿರುತ್ತದೆ. ಎರಡು ದಿನಕ್ಕೆ ತಾನೇ ಇಳಿಯುತ್ತದೆ. ವೈನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅಂದು ರಾತ್ರಿ ಹುಡುಗಿ ಗೋಗಿಯಲ್ಲಿ ಚೀರಾಡಿದಾಗ, ತನ್ನ ಅವ್ವ ತನಗೆ ಮಾಡುತ್ತಿದ್ದ ಹಾಗೆ ಕಣ್ಣಿಗೆ ಔಡಲೆಣ್ಣೆಯ ಹನಿ ಬಿಟ್ಟಳು.

ಬೆಳಿಗ್ಗೆ ಸುದ್ದಿ ಬಂತು. ಹೋಗಿ ನೋಡಿದರೆ ಕಣ್ಣು ಬಾತು ಮುಚ್ಚಿಕೊಂಡಿವೆ. ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಒಬ್ಬ ಮುದುಕಿ ಎಲ್ಲರಿಗೂ ಕೇಳುವಂತೆ ಅಂದಳು: "ಎಣ್ಣಿ ಹಾಕಿ ಕಣ್ಣು ಕಳದಾಳ. ಹಡದಾಕಿ ಆಗಿದ್ರ ಕೈ ನಡಗ್ತಿತ್ತು."

ವೈನಿ ನನ್ನ ಕಡೆಗೆ ತಿರುಗಿದಳು. "ಮಲ್ಲಪ್ಪಾ, ನಿನ್ನ ಅಂಗಡ್ಯಾಗ ಏನರೆ ಆಗಿತ್ತೇನೋ?"

ನಾನು ಅಂದೆ: "ನನ್ನ ಅಂಗಡ್ಯಾಗ ಏನಾಗ್ತದ? ಕುರ್ಚಿ ಮ್ಯಾಲೆ ಕುಂದರಸಿ ಬಿಸ್ಕಿಟ್ ಕೊಟ್ಟಿದ್ದೆ."

ಯಾದಗಿರಿಗೆ ಹುಡುಗಿಯನ್ನು ಕರೆದೊಯ್ದವನು ನಾನೊಬ್ಬನೇ. ಡಾಕ್ಟರು ಕಣ್ಣು ನೋಡಿದವರೇ, "ಮನ್ಯಾಗ ಯಾರರೆ ವೆಲ್ಡಿಂಗ್ ಮಾಡ್ತಾರೇನ್ರಿ?" ಎಂದು ಕೇಳಿದರು. "ಇಲ್ರಿ" ಎಂದೆ. ಔಷಧ ಕೊಟ್ಟರು. ಎರಡು ದಿನಕ್ಕೆ ಕಣ್ಣು ತಿಳಿಯಾದವು — ಔಷಧ ಇಲ್ಲದಿದ್ದರೂ ಆಗುತ್ತಿದ್ದವು. ಊರವರು ಮಾತ್ರ, ರೊಕ್ಕ ಇದ್ದವರ ಕೈಗೆ ಸಿಕ್ಕಿದ್ದಕ್ಕೆ ಹುಡುಗಿ ಉಳಿದಳು ಎಂದರು. ಇರಲಿ ಎಂದು ಸುಮ್ಮನಿದ್ದೆ.

ಹುಡುಗಿ ಇನ್ನು ನನ್ನ ಮನೆಯಲ್ಲೇ ಬೆಳೆಯಲಿ, ಆದರೆ ಉಡಿಯಿಂದ ಬಂದದ್ದು ಉಡಿಯಿಂದಲೇ ಹೋಗಬೇಕು ಎಂದು ಹಿರಿಯರು ಕಟ್ಟು ಮಾಡಿದರು. ವೈನಿ ನನ್ನ ಹೆಂಡತಿಗೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಉಡಿಗೆ ಹಾಕಿ, ಕೊನೆಗೆ ಗೌರಿಯನ್ನು ಎತ್ತಿ ಕೂರಿಸಿದಳು. ಅವಳ ಬಾಳಿನಲ್ಲಿ ಎಲ್ಲರ ಮುಂದೆ ಒಬ್ಬಳ ಉಡಿ ತುಂಬಲು ಅವಳನ್ನು ಕರೆದದ್ದು ಅದೊಂದೇ ಸಲ. ಗೌರಿ ಅವಳ ಸೆರಗು ಹಿಡಿದುಕೊಂಡಿದ್ದಳು. ಆ ಬೆರಳುಗಳನ್ನು ಬಿಡಿಸಿದವನು ನಾನು.

ಗೌರಿಗೆ ನಾನು ಏನು ಕಡಿಮೆ ಮಾಡಿದೆ? ಇಂಗ್ಲಿಷ್ ಶಾಲೆ, ಬೇರೆ ಕೋಣೆ, ಮಂಚ, ಹಬ್ಬಕ್ಕೆ ಹೊಸ ಬಟ್ಟೆ. ಕೊಡುವುದನ್ನೆಲ್ಲ ಕೊಟ್ಟೆ. ಬೆಳಗಾದರೆ ನಾನು ಅಂಗಡಿಗೆ, ಹೆಂಡತಿ ತನ್ನ ಮಕ್ಕಳ ಹಿಂದೆ. ಅವಳೇನೂ ಕೆಟ್ಟವಳಲ್ಲ, ಗೌರಿಗೆ ಎಂದೂ ಬೈಯಲಿಲ್ಲ. ಬೈಯುವಷ್ಟು ಹತ್ತಿರವೂ ಹೋಗಲಿಲ್ಲ. ಹುಡುಗಿ ಟಿವಿಯ ಮುಂದೆ ಒಬ್ಬಳೇ ಉಣ್ಣುತ್ತಿದ್ದಳು. ಅವ್ವ ಬೇಕು ಎಂದು ಅತ್ತಾಗಲೆಲ್ಲ ನಾನು ಒಂದೇ ಮಾತು ಹೇಳಿದೆ: "ಆಕಿ ನಿನ್ನ ಕಣ್ಣು ಕಳೀತಿದ್ಲು." ಒಂದು ದಿನ ಅವಳು ಕೇಳುವುದನ್ನು ಬಿಟ್ಟಳು. ಹೊಂದಿಕೊಂಡಳು ಎಂದು ನಾನು ತಿಳಿದೆ.

ಒಂದು ವರ್ಷ ನಾಗರಪಂಚಮಿಗೆ ವೈನಿ ಶೇಂಗಾದ ಉಂಡಿ ತಂದಳು. ಮೆಟ್ಟಿಲ ಮೇಲೆ ಕೂತಿದ್ದ ಗೌರಿಯ ಕೆನ್ನೆ ಸವರಲು ಕೈ ಚಾಚಿದಳು. ಗೌರಿ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು. ಚಾಚಿದ ಕೈ ಹಾಗೆಯೇ ಒಂದಿಷ್ಟು ಹೊತ್ತು... ಆಮೇಲೆ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ವೈನಿ ಬಸ್ ಸ್ಟ್ಯಾಂಡಿನ ಕಡೆ ಹೋದಳು. ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಆಗ ಹೇಳಿದ್ದರೂ ತಡವಾಗುತ್ತಿರಲಿಲ್ಲ.

ಹೋದ ವರ್ಷ ವೈನಿ ಹಾಸಿಗೆ ಹಿಡಿದಳು. ಗೌರಿ ಆಗ ಕಲಬುರಗಿಯಲ್ಲಿ ನೌಕರಿಗೆ ಸೇರಿದ್ದಳು. ಫೋನ್ ಮಾಡಿ ಕರೆದರೆ, "ಯಾರು, ಕಣ್ಣಾಗ ಎಣ್ಣಿ ಹಾಕಿದಾಕೆನಾ? ನೀವು ಹೋಗಿ ಬರ್ರಿ ಮಾಮಾ" ಎಂದಳು. ಆಗಲೂ ಹೇಳಲಿಲ್ಲ. ವೈನಿಯನ್ನು ಮಣ್ಣು ಮಾಡಿ ಬರುವಾಗ ಬಸಣ್ಣ ನನ್ನ ಮುಖ ನೋಡದೆ ಅಂದ: "ಹುಡುಗಿ ಕಣ್ಣು ಚಲೋ ಅದಾವೇನು ಅಂತ ಕೇಳ್ಕೋತನ ಹೋಗ್ಯಾಳ."

ಹೋದ ತಿಂಗಳು ಗೌರಿ ರಜೆಗೆ ಬಂದಾಗ ಎದುರಿಗೆ ಕೂರಿಸಿ ಎಲ್ಲ ಹೇಳಿದೆ. ಅಳಲಿಲ್ಲ, ಬೈಯಲಿಲ್ಲ. "ಆ ಚುಕ್ಕಿ ನನಗ ನೆನಪದಾವ. ಕನಸು ಅಂತ ತಿಳ್ಕೊಂಡಿದ್ದೆ" ಎಂದಳು. ಆಮೇಲೆ ಕೇಳಿದಳು: "ನಾ ಕಣ್ಣು ಮುಚ್ಕೊಂಡಾಗ ಅವ್ವ ಏನಂದ್ಲು?"

"ಏನೂ ಅನ್ನಲಿಲ್ಲ" ಎಂದೆ.

ಬ್ಯಾಗು ಹೆಗಲಿಗೆ ಹಾಕಿಕೊಂಡು ಗೋಗಿಯ ಬಸ್ ಹತ್ತಿದಳು.

ಬಡತನದಲ್ಲಿ ಮಕ್ಕಳು ನರಳುವುದನ್ನು ನಾನು ಕಂಡವನು. ರೊಕ್ಕ ಬೇಡ ಎಂದು ಹೇಳುವ ಬಾಯಿ ನನ್ನದಲ್ಲ. ಆದರೆ ವೈನಿಯ ಮನೆಯಲ್ಲಿ ಗೌರಿ ನರಳಿದ್ದು ಒಂದೇ ಒಂದು ರಾತ್ರಿ. ಅದೂ ನನ್ನಿಂದ. ಗೋಗಿಯ ಆ ಕಟ್ಟೆಗೆ ಹೋಗಿ, ಉಳಿದಿರುವ ಹಿರಿಯರ ಮುಂದೆ ಇದನ್ನೇ ಹೇಳಬೇಕು. ಹೇಳುತ್ತೇನೆ. ಕೇಳಬೇಕಾದವಳು ಅಲ್ಲಿ ಇರುವುದಿಲ್ಲ.

ಈಗ ನನಗಿರುವುದು: ಸುರಪುರ ರಸ್ತೆಯಲ್ಲಿ ಎರಡು ಅಂಗಡಿ. ಒಂದು ಮನೆ. ಇಬ್ಬರು ಗಂಡುಮಕ್ಕಳು. ಗೌರಿಯಿಂದ ಎಲ್ಲ ತಿಳಿದು ಮಾತು ಬಿಟ್ಟ ಒಬ್ಬ ಅಣ್ಣ. ಮಂಚವಿರುವ ಒಂದು ಖಾಲಿ ಕೋಣೆ. ಉಂಡಿಯ ಒಂದು ಸ್ಟೀಲಿನ ಡಬ್ಬಿ, ತಿರುಗಿ ಕೊಡದೆ ಉಳಿದದ್ದು.