ಬಿಚ್ಚದೆ ಬಿಟ್ಟ ಗುಂಡಕ್ಷರ

ಆಗ ನಾನು ದಾವಣಗೆರೆಯ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಕೈವಾರದಲ್ಲಿ ಎಳೆದಂತಿದ್ದ ದಪ್ಪ ಗುಂಡಕ್ಷರಗಳು ಮದುವೆ ಪತ್ರಿಕೆಗೆ, ನಾಟಕದ ಕರಪತ್ರಕ್ಕೆ ಮಾತ್ರ. ಸಾವಿನ ಪತ್ರಿಕೆಗೆ ಸಣ್ಣ ಮೊಳೆ, ಕಪ್ಪು ಅಂಚು.

ಹರಿಹರದ ಯಜಮಾನರೊಬ್ಬರು ತೀರಿಕೊಂಡ ಮಗಳ ಶಿವಗಣಾರಾಧನೆಯ ಪತ್ರಿಕೆ ಮಾಡಿಸಲು ಬಂದರು. ಮೂರು ತಿಂಗಳ ಹಿಂದೆ ಅವಳ ಮದುವೆ ಪತ್ರಿಕೆ ಜೋಡಿಸಿದವನೂ ನಾನೇ.

“ಹೆಸರು ಆ ಗುಂಡಕ್ಷರದಾಗೇ ಇರ್ಲಿ,” ಎಂದರು.

“ಅವು ಮದುವೆಗೆ ಹಾಕೋವು, ಯಜಮಾನ್ರೇ,” ಎಂದೆ.

“ಗೊತ್ತೈತಪ್ಪ. ನಮ್ಮ ಗಿರಿಜಾಗ ಅವು ಭಾಳ ಹಿಡಿಸಿದ್ವು. ಹೆಸರಿನ ಮ್ಯಾಲೆ ಬೆರಳಾಡಿಸ್ಕೊಂತ ಕುಂತಿರ್ತಿದ್ಳು.”

ಅಚ್ಚಾದ ಮೇಲೆ ಮೊಳೆ ಬಿಚ್ಚಿ ಗೂಡಿಗೆ ಹಾಕುವುದಿಲ್ಲವೆಂದು ಮಾಲೀಕರು ನನಗೆ ದಿನಾ ಬೈಯುತ್ತಿದ್ದರು. ಮೂಲೆಯಲ್ಲಿ ಆ ಮದುವೆ ಪತ್ರಿಕೆಯ ಮೊಳೆ, ಗಿರಿಜಾಳ ಹೆಸರೂ ವರನ ಹೆಸರೂ, ದಾರ ಕಟ್ಟಿದ ಹಾಗೇ ಇತ್ತು. ವರನ ಹೆಸರನ್ನಷ್ಟೇ ಬಿಚ್ಚಿದೆ.

ಅವತ್ತು ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.