ಮುಮತಾಜ್ ಮಲಗಿಸಿದ ಪೆಟ್ಟಿಗೆ

ಅಣ್ಣಿಗೇರಿಯ ಬಸ್‌ನಿಲ್ದಾಣದ ಬಾಜುವಿನ ಸಂದಿಯಲ್ಲಿ ಮುಮತಾಜಳ ಮೊಬೈಲು ರಿಪೇರಿ ಅಂಗಡಿ. ಮೊದಲು ಅಲ್ಲಿ ಅವಳ ತಂದೆ ಮಾಬುಸಾಬ ರೇಡಿಯೋ ದುರಸ್ತಿ ಮಾಡುತ್ತಿದ್ದ. ಗೊರಗೊರ ಸದ್ದಿನೊಳಗಿಂದ ದೂರದ ಒಂದು ದನಿಯನ್ನು ಹುಡುಕಿ ತೆಗೆಯುವುದೆಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಮಗಳಿಗೂ ಅದೇ ಗುಣ ಬಂದಿತ್ತು. ವಯಸ್ಸು ನಲವತ್ತಾರಾದರೂ, ಕೆಲಸದ ನಡುವೆ ಕೈ ನಿಲ್ಲಿಸಿ, ಈ ಗಾಳಿಯಲ್ಲಿ ಈಗ ಯಾರ್ಯಾರ ಮಾತು ಹಾದುಹೋಗುತ್ತಿದೆಯೋ ಎಂದು ಸುಮ್ಮನೆ ಕೂತುಬಿಡುತ್ತಿದ್ದಳು.

ಒಂದು ಜುಲೈ ತಿಂಗಳಲ್ಲಿ ಹತ್ತಿರದ ಹಳ್ಳಿಯ ಮಹಾದೇವಕ್ಕ ಅಂಗಡಿಗೆ ಬಂದಳು. ಕೈಚೀಲದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಮಹಾದೇವಕ್ಕನ ಹೊಲ ಹಳ್ಳದಾಚೆ. ಮೇಲ್ಗಡೆ ಎಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೇ ಹಳ್ಳ ತುಂಬಿ ಬರುತ್ತದೆ. ಹಿಂದಿನ ವರ್ಷ ಅವಳೂ ಆರು ಹೆಣ್ಣಾಳುಗಳೂ ಮರುದಿನದವರೆಗೆ ಆಚೆ ದಂಡೆಯಲ್ಲೇ ಸಿಕ್ಕಿಬಿದ್ದಿದ್ದರು. ಅವರಲ್ಲೊಬ್ಬಳ ಮೊಲೆಗೂಸು ಮನೆಯಲ್ಲಿ ಅಳುತ್ತಿತ್ತು. ಆಮೇಲೆ ಊರಿನ ರೈತರು ಕೂಡಿ ಈ ಸಾಧನ ತರಿಸಿದರು. ಹಳ್ಳದ ಮೇಲಿನ ತಿರುವಿನಲ್ಲಿ ನೀರೇರಿದರೆ ಪೆಟ್ಟಿಗೆ ತಂತಿಯಿಲ್ಲದೆಯೇ ಸುದ್ದಿ ಕಳಿಸಬೇಕು. ಎರಡು ಕಿಲೋಮೀಟರ್ ಕೆಳಗೆ, ಮಹಾದೇವಕ್ಕನ ಹೊಲದ ಶೆಡ್ಡಿನ ಮೇಲಿನ ಭೋಂಗಾ ಸೈರನ್ನಿನಂತೆ ಕೂಗಬೇಕು.

“ಹದಿನೈದು ದಿನಕ್ಕ ಬ್ಯಾಟರಿ ಸಾಯತೈತಿ ತಂಗಿ. ಜೀವ ಇದ್ದಾಗರ ಸುದ್ದಿ ಮುಟ್ಟತೈತೇನು? ಒಮ್ಮೆ ಮುಟ್ಟತೈತಿ, ಒಮ್ಮೆ ಇಲ್ಲ. ಮಾರಿದಾಂವ ದೊಡ್ಡ ಬ್ಯಾಟರಿ ಹಾಕ್ರಿ ಅಂತಾನ.”

“ಪೆಟ್ಟಿಗಿ ನೋಡಿದ್ರ ತಿಳಿಯೂದಿಲ್ಲ ಅಕ್ಕಾರ. ಅದು ನಿಂತ ಜಾಗಾ ನೋಡಬೇಕ್ರಿ,” ಎಂದಳು ಮುಮತಾಜ್.

ಶುಕ್ರವಾರ ಅಂಗಡಿ ಮುಚ್ಚಿ ಹೋದಳು. ಹಳ್ಳದ ತಗ್ಗಿನಲ್ಲಿ, ಜಾಲಿಕಂಟಿಗಳ ನಡುವೆ ಒಂದು ಕಬ್ಬಿಣದ ಕಂಬ. ಮಳೆಗೆ ನೆನೆಯದಿರಲೆಂದು ಪೆಟ್ಟಿಗೆಯನ್ನು ತಗಡಿನ ಗೂಡಿನೊಳಗೆ ಇಟ್ಟಿದ್ದರು. ಆಂಟೆನಾ ಅದರೊಳಗೇ ಡೊಂಕಾಗಿ ಮುದುಡಿತ್ತು. ಮುಮತಾಜ್ ಅಲ್ಲೇ ಕೂತಳು. ಮೇಲೆ ಎರೆ ಹೊಲಗಳು ಆಕಾಶದವರೆಗೆ ಹಾಸಿಕೊಂಡಿದ್ದವು. ತಗ್ಗಿನೊಳಗೆ ಗಾಳಿ ಕೂಡ ಇಳಿಯುತ್ತಿರಲಿಲ್ಲ. ತಗಡು ಹೊದ್ದು, ಗುಂಡಿಯಲ್ಲಿ ಕೂತು, ಓಗೊಡುವವರಿಲ್ಲದೆ ಮತ್ತೆ ಮತ್ತೆ ಕೂಗುವ ಜೀವ ಅವಳ ಕಣ್ಣಿಗೆ ಕಟ್ಟಿತು.

“ಪಾಪ, ಒದರಿ ಒದರಿ ಸಾಕಾಗೈತ್ರಿ ಇದಕ್ಕ,” ಎಂದಳು.

ತಗಡಿನ ಗೂಡು ಬಿಚ್ಚಿದಳು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲ್ಲವನ್ನೂ ಭದ್ರಪಡಿಸಿ, ಬಿದಿರಿನ ಗಳುವಿನ ತುದಿಗೆ ಕಟ್ಟಿ, ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿದಳು. ನೀರು ಮುಟ್ಟುವ ತಂತಿಯೊಂದನ್ನೇ ಕೆಳಗೆ ಬಿಟ್ಟಳು. ಮಹಾದೇವಕ್ಕನ ಗಂಡ ಈರಪ್ಪ ಗಳು ಹಿಡಿದು ದಂಡೆಗುಂಟ ನಡೆದ. ಮಹಾದೇವಕ್ಕ ಶೆಡ್ಡಿನ ಬಳಿ ನಿಂತು, ಸುದ್ದಿ ಮುಟ್ಟಿತೋ ಇಲ್ಲವೋ ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಶೆಡ್ಡಿನ ಮೇಲ್ಛಾವಣಿಯ ಪತ್ರಾಸು ಕಣ್ಣಿಗೆ ಬೀಳುವ ಎತ್ತರದ ಒಡ್ಡಿನ ಮೇಲೆ ಒಂದೂ ತಪ್ಪಲಿಲ್ಲ. ಅಲ್ಲೇ ಗಳು ನೆಟ್ಟರು.

ಆಮೇಲೆ ಬ್ಯಾಟರಿ ಉಳಿಯಲೆಂದು ಮುಮತಾಜ್ ಪೆಟ್ಟಿಗೆಯ ದನಿಯನ್ನು, ಅಂದರೆ ಅದು ಸುದ್ದಿ ಕಳಿಸುವ ಬಲವನ್ನು, ಒಂದೊಂದೇ ಮೆಟ್ಟಿಲು ಇಳಿಸಿದಳು. ಸುದ್ದಿ ತಪ್ಪತೊಡಗಿದಾಗ ಒಂದು ಮೆಟ್ಟಿಲು ಏರಿಸಿ ಬಿಟ್ಟಳು. ಹದಿನೈದು ನಿಮಿಷಕ್ಕೊಮ್ಮೆ ಎದ್ದು ‘ಇದ್ದೇನೆ’ ಎಂದು ಹೇಳಿ ಮತ್ತೆ ಮಲಗುವಂತೆ ಮಾಡಿದಳು. ನೀರು ಮುಟ್ಟಿದರೆ ಮಾತ್ರ ತಟ್ಟನೆ ಏಳಬೇಕು. ಶೆಡ್ಡಿನಲ್ಲಿ ಕೇಳಿಸಿಕೊಳ್ಳುವ ಪೆಟ್ಟಿಗೆ ಮಲಗುವಂತಿಲ್ಲ. ಅದಕ್ಕೆ ಪತ್ರಾಸಿನ ಮೇಲೆ ಸೋಲಾರ್ ಇತ್ತು.

“ಮಲಕ್ಕೊಂಡದ್ದು ಹೊತ್ತಿಗಿ ಸರಿಯಾಗಿ ಏಳತೈತೇನವಾ?” ಈರಪ್ಪನಿಗೆ ನಂಬಿಕೆ ಬರಲಿಲ್ಲ.

“ಕೂಸಿನ ತಾಯಿ ಹೆಂಗ ಮಲಗತಾಳ, ಹಂಗ ಮಲಗತೈತ್ರಿ ಅಣ್ಣಾರ.”

ಆಮೇಲಿನ ದಿನಗಳಲ್ಲಿ ಅಂಗಡಿಯಲ್ಲಿ ಕೂತಾಗಲೂ ‘ಇದ್ದೇನೆ’ ಎಂಬ ಆ ಒಂದೇ ಒಂದು ಮಾತು ಹತ್ತಿಗಿಡಗಳ ಮೇಲೆ, ಮೇಯುವ ಕುರಿಗಳ ಬೆನ್ನಿನ ಮೇಲೆ ತೇಲಿ ಹೋಗುವುದು ಅವಳಿಗೆ ಕಾಣುತ್ತಿತ್ತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಭೋಂಗಾ ಕೂಗಿತು. ಆಕಾಶ ತೊಳೆದಿಟ್ಟಂತಿತ್ತು. ಹೆಣ್ಣಾಳುಗಳು ಮೆಣಸಿನ ಗಿಡದಲ್ಲಿ ಕಸ ತೆಗೆಯುತ್ತಿದ್ದರು. ಹಳ್ಳದಲ್ಲಿ ಕಾಲಿನ ಹರಡು ಮುಳುಗುವಷ್ಟೇ ನೀರು.

“ಸುಳ್ಳ ಒದರಾಕತ್ತೈತಿ,” ಎಂದ ಈರಪ್ಪ.

“ಸುಳ್ಳಾದ್ರ ಹೊಳ್ಳಿ ಬರೂಣು. ಮೊದಲ ದಾಟ್ರಿ!” ಮಹಾದೇವಕ್ಕ ಹೆಣ್ಣುಮಕ್ಕಳನ್ನು ಕರೆದುಕೊಂಡು ನಡೆದೇಬಿಟ್ಟಳು. ಈರಪ್ಪ ಗೊಣಗುತ್ತ ಎತ್ತು ಬಿಚ್ಚಿಕೊಂಡು ಹಿಂದೆ ಬಂದ. ಈಚೆ ದಂಡೆಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕೆಂಪು ನೀರು ಬಂತು, ನೊರೆ, ಕಂಟಿ, ಯಾರದೋ ಹೊಲದ ಕುಂಬಳಕಾಯಿಗಳ ಸಮೇತ. ಮಹಾದೇವಕ್ಕ ಮುಮತಾಜಳಿಗೆ ಫೋನು ಹಚ್ಚಿ, ಅದನ್ನು ಹಳ್ಳದ ಕಡೆ ಹಿಡಿದಳು. ಅಂಗಡಿಯಲ್ಲಿ ಮುಮತಾಜ್ ಗಿರಾಕಿಗೆ ಕೂಡಲು ಹೇಳಿ, ಆ ಭೋರ್ಗರೆತವನ್ನು ಬಹಳ ಹೊತ್ತು ಕೇಳಿದಳು. ಕಣ್ಣಲ್ಲಿ ನೀರು ಬಂತು.

ನವೆಂಬರಿನಲ್ಲಿ ನೋಡಿದಾಗ ಬ್ಯಾಟರಿ ಎಳ್ಳಷ್ಟೇ ಇಳಿದಿತ್ತು. ಗಳುವಿನ ಸುತ್ತ ಈರಪ್ಪ ತಾನೇ ಬೇಲಿ ಕಟ್ಟಿದ್ದ. ಮಹಾದೇವಕ್ಕ ಒಡ್ಡಿನ ಮೇಲೆ ರೊಟ್ಟಿಗಂಟು ಬಿಚ್ಚಿದಳು.

“ಗುಡಗೇರಿ ಕಡಿಯವರೂ ತಮ್ಮ ಹಳ್ಳಕ್ಕ ಇಂಥಾ ಪೆಟ್ಟಿಗಿ ಹಚ್ಚಿಕೊಡಂತ ಕೇಳಾಕತ್ತಾರ. ಹೋಗತೀಯೇನವಾ?”

“ಹೋಗತೀನ್ರಿ, ಬರೂ ಸೋಮವಾರ.”

ಮೊಳಕೆಯೊಡೆದ ಕಡಲೆ ಹೊಲದ ಮೇಲೆ ತಂಪು ಗಾಳಿ ಬೀಸುತ್ತಿತ್ತು. ಬಸ್ಸು ಬರುವ ಹೊತ್ತಾಗಿದ್ದರೂ ಮುಮತಾಜ್ ಏಳಲಿಲ್ಲ. ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ನಿಧಾನವಾಗಿ ತಿನ್ನುತ್ತ ಕೂತಳು.